ಕಬಡ್ಡಿಯಲ್ಲಿ ಮೂಲೆ ಕಾಯುವವರು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಕ್ರೀಡೆಯ ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಮಿತಿಯವರು ಅಪೇಕ್ಷಿಸಿದ್ದಾರೆ. ಎಣ್ಮಕಜೆಯಲ್ಲಿ ಕ್ರೀಡೆಯೆಂದರೆ ನನಗೆ ಮೊದಲು ನೆನಪಾಗುವುದು ಕಬಡ್ಡಿ. ಅದರಲ್ಲಿ ದಾಳಿಗಾರನನ್ನು ಹೊಗಳುವವರು ಬಹಳ. ಹಿಡಿಯುವವರ ವಿದ್ಯೆಯನ್ನು ಬಲ್ಲವರು ವಿರಳ. ಆದುದರಿಂದ ಅದನ್ನೇ ಇಲ್ಲಿ ವಿವರಿಸುತ್ತೇನೆ.

ಅಂಕಣದಲ್ಲಿ ಏಳು ಮಂದಿ. ಎರಡು ತುದಿಗಳಲ್ಲಿ ಕಾರ್ನರ್, ಅವರ ಪಕ್ಕದಲ್ಲಿ ಇನ್, ಬಳಿಕ ಕವರ್, ನಡುವೆ ಸೆಂಟರ್. ಒಂದು ದಾಳಿಗೆ ದೊರೆಯುವ ಕಾಲ 30 ಸೆಕೆಂಡು. ಕಾರ್ನರಿನವನು ಎದುರಾಳಿಯ ಕಾಲಿನ ಮೇಲೆ ದೃಷ್ಟಿಯಿಟ್ಟು, ಪಾದ ಒಳಬಂದ ಕ್ಷಣದಲ್ಲಿ ಕಣಕಾಲನ್ನೋ ತೊಡೆಯನ್ನೋ ಹಿಡಿಯುತ್ತಾನೆ. ಕೂಡಲೇ ಕವರಿನವನು ನಡುಗೆರೆಯ ದಾರಿಯನ್ನು ಅಡ್ಡಗಟ್ಟಬೇಕು. ಹಿಡಿತ ಜಾರಿ ದಾಳಿಗಾರನು ಗೆರೆ ಮುಟ್ಟಿದನೆಂದರೆ, ಅವನನ್ನು ಮುಟ್ಟಿದವರೆಲ್ಲರೂ ಹೊರಗೆ. ಒಬ್ಬನ ಆತುರಕ್ಕೆ ಮೂವರು ದಂಡ ತೆರಬೇಕಾಗುತ್ತದೆ. ಹೀಗಾಗಿ ಇಲ್ಲಿ ಬಲಕ್ಕಿಂತ ತಾಳ್ಮೆ ದೊಡ್ಡದು. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿರುವಾಗ ಹಿಡಿದರೆ ಈಗಿನ ನಿಯಮದಂತೆ 2 ಅಂಕ ದೊರೆಯುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿಯ ಫುಟ್‌ಬಾಲನ್ನು ನೋಡಿರಬಹುದು. 11 ಮಂದಿಯ ಆ ತಂಡದಲ್ಲಿ ಸಾಮಾನ್ಯವಾಗಿ ನಾಲ್ವರು ಹಿಂಬದಿಯ ರಕ್ಷಕರು: ಎರಡು ಅಂಚುಗಳಲ್ಲಿ ಕಾರ್ನರ್‌ಬ್ಯಾಕ್, ಅವರ ಹಿಂದೆ ಸೇಫ್ಟಿ. ದೂರಕ್ಕೆ ಎಸೆದ ಚೆಂಡು ಎದುರಾಳಿಯ ಕೈಸೇರದಂತೆ ತಡೆಯುವುದು ಅವರ ಮುಖ್ಯ ಕಾರ್ಯ. ಆಟ ಬೇರೆಯಾದರೂ ಮೂಲೆ ಕಾಯುವವನ ಧರ್ಮ ಒಂದೇ. ಅವನು ಹತ್ತು ಬಾರಿ ತಡೆದುದು ಯಾರ ಕಣ್ಣಿಗೂ ಬೀಳದು. ಒಮ್ಮೆ ತಪ್ಪಿದರೆ ಎಲ್ಲರಿಗೂ ಕಾಣುತ್ತದೆ.

1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದ ಸತತ ಏಳು ಬಾರಿ ಚಿನ್ನ ಗೆದ್ದಿದ್ದ ಭಾರತದ ಪುರುಷರ ತಂಡವನ್ನು 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್ 27–18ರಿಂದ ಸೋಲಿಸಿತು. ನಮ್ಮ ದಾಳಿಗಾರರನ್ನು ಕಟ್ಟಿಹಾಕಿದ್ದು ಇರಾನಿನ ಬಿಗಿಯಾದ ಹಿಡಿತವೇ. ನಮ್ಮ ಜಿಲ್ಲೆಯ ಜಗದೀಶ ಕುಂಬ್ಳೆಯವರು ಪ್ರೊ ಕಬಡ್ಡಿಯಲ್ಲಿ ತೆಲುಗು ಟೈಟಾನ್ಸ್ ತಂಡದ ತರಬೇತುದಾರರಾಗಿ ದುಡಿದವರೆಂಬುದು ನಮಗೆಲ್ಲ ಅಭಿಮಾನದ ಸಂಗತಿ.

ನಾನು ತಂಡವನ್ನು ಆರಿಸುತ್ತಿದ್ದ ಕಾಲದಲ್ಲಿ ಹೆತ್ತವರು ಬಂದು, "ನಮ್ಮ ಹುಡುಗನನ್ನು ರೈಡಿಗೆ ಬಿಡಿ ಮಾಷ್ಟ್ರೇ" ಎನ್ನುತ್ತಿದ್ದರು. ಕಾರ್ನರಿಗೆ ನಿಲ್ಲಿಸಿರೆಂದು ಕೇಳಿದವರು ಒಬ್ಬರೂ ಇಲ್ಲ. ಚಪ್ಪಾಳೆ ದೊರೆಯದ ಜಾಗದಲ್ಲಿ ನಿಲ್ಲಲು ಯಾವ ಮಗುವೂ ಒಪ್ಪದಿದ್ದರೆ ತಂಡವೇ ಉಳಿಯದು. ಶಾಲೆಯಲ್ಲಿಯೂ ಊರಿನಲ್ಲಿಯೂ ಹೀಗೆಯೇ. ಗಡಿನಾಡಿನ ಈ ಶಾಲೆ ಐವತ್ತು ವರ್ಷ ನಿಂತುದು ಮೂಲೆ ಕಾದವರಿಂದ. ಮುಂದಿನ ಪಂದ್ಯದಲ್ಲಿ ಅಂಥವನ ಹೆಸರನ್ನೂ ಒಮ್ಮೆ ಕೂಗಿರೆಂದು ಓದುಗರಲ್ಲಿ ನನ್ನ ವಿನಂತಿ.