ಕರಪತ್ರದಲ್ಲಿ ಕಾಣದ ಹೆಸರುಗಳು

ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಶುರುವಾಗುವ ಹೊತ್ತಿಗೆ ಪೌರಾಣಿಕ ನಾಟಕಗಳ ಕಾಲವೂ ಆರಂಭವಾಗುತ್ತದೆ. ರಾತ್ರಿ ಪರದೆ ಎದ್ದರೆ ಬೆಳಗಿನ ಜಾವದವರೆಗೆ ನಡೆಯುವ ಈ ಪ್ರಯೋಗಗಳಲ್ಲಿ ‘ಕುರುಕ್ಷೇತ್ರ’ಕ್ಕೆ ಇರುವ ಬೇಡಿಕೆ ಇಂದಿಗೂ ಕುಗ್ಗಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮೇಲೆ ಶಿಲ್ಪವಾಗಿ ನಿಂತಿರುವ ಭಾರತ ಯುದ್ಧದ ಕಥೆಯನ್ನೇ ಆಸುಪಾಸಿನ ರೈತರು, ಶಿಕ್ಷಕರು, ಅಂಗಡಿಯವರು ಬಣ್ಣ ಹಚ್ಚಿಕೊಂಡು ಹಾಡುತ್ತಾರೆ. ಇವರು ವೃತ್ತಿನಟರಲ್ಲ, ಸಂಭಾವನೆ ಪಡೆಯುವ ಬದಲು, ಪಾತ್ರದ ತೂಕಕ್ಕೆ ತಕ್ಕಂತೆ ತಾವೇ ಹಣ ಕಟ್ಟಿ ದುರ್ಯೋಧನನನ್ನೋ ಕೃಷ್ಣನನ್ನೋ ವಹಿಸಿಕೊಳ್ಳುವುದು ಇಲ್ಲಿನ ರೂಢಿ. ಹಣ ಕೊಟ್ಟು ವೇಷ ಹಾಕುವ ಚಪಲವೆಂದು ಇದನ್ನು ಹಗುರವಾಗಿ ಕಾಣುವವರುಂಟು; ಆದರೆ ಹಾಗೆ ಕೂಡಿದ ಹಣ ಯಾರ ಕೈ ಸೇರುತ್ತದೆ ಎಂಬುದನ್ನು ಗಮನಿಸಿದರೆ, ರಂಗದ ಮುಂದೆ ಕಾಣದ ಹಲವು ಕಸುಬುಗಳು ಅದರಿಂದಲೇ ಬದುಕಿವೆ ಎಂಬುದು ತಿಳಿಯುತ್ತದೆ.

ಈ ಕಸುಬುಗಳಲ್ಲಿ ಮೊದಲನೆಯದು ‘ಡ್ರಾಮಾ ಮೇಷ್ಟ್ರು’ ಎಂದು ಊರವರು ಕರೆಯುವ ಹಾರ್ಮೋನಿಯಂ ವಾದಕರದು. ತಿಂಗಳುಗಟ್ಟಲೆ ಸಂಜೆಯ ಹೊತ್ತು ಊರಿಗೆ ಬಂದು ಮಾತು, ಹಾಡು, ನಿಲುವುಗಳನ್ನು ಕಲಿಸುವ ಅವರು ನಿರ್ದೇಶಕರೂ ಹೌದು, ಸಂಗೀತದ ಗುರುಗಳೂ ಹೌದು. ಪ್ರದರ್ಶನದ ರಾತ್ರಿ ಇಡೀ ಮೇಳವನ್ನು ಹಿಡಿದು ನಿಲ್ಲಿಸುವವರೂ ಅವರೇ. ಕಂದಪದ್ಯವನ್ನು, ಅಂದರೆ ನಾಲ್ಕು ಸಾಲಿನ ಹಳೆಯ ಛಂದೋಬಂಧವನ್ನು, ಆಲಾಪನೆ ಬೆರೆಸಿ ಎತ್ತರದ ದನಿಯಲ್ಲಿ ಹಾಡುವುದು ಈ ರಂಗಭೂಮಿಯ ಜೀವಾಳ. ಭೀಮನ ಪಾತ್ರಧಾರಿಗೆ ಹೊಂದುವ ಶ್ರುತಿ ಕೃಷ್ಣನ ಪಾತ್ರಧಾರಿಗೆ ಹೊಂದದಿರುವುದರಿಂದ, ಯಾರ ಕಂಠ ಹಾರ್ಮೋನಿಯಂನ ಯಾವ ಮನೆಯಲ್ಲಿ, ಅಂದರೆ ಯಾವ ಸ್ವರದಲ್ಲಿ, ನಿಲ್ಲುತ್ತದೆ ಎಂಬುದು ಮೇಷ್ಟ್ರಿಗೆ ಕರತಲಾಮಲಕವಾಗಿರಬೇಕು. ನಟ ಸಾಲು ಮರೆತು ತಡವರಿಸಿದಾಗ ಅವರ ಬೆರಳು ಮುಂದಿನ ಪದದ ಸ್ವರವನ್ನು ಹಿಡಿದು, ತುಟಿ ಆ ಪದವನ್ನು ಮೆಲ್ಲಗೆ ಎತ್ತಿಕೊಡುತ್ತದೆ, ತಬಲದವರು ಅಷ್ಟು ಹೊತ್ತು ತಾಳವನ್ನು ತುಂಬಿ ನಿಲ್ಲುತ್ತಾರೆ. ನಟನ ತಪ್ಪು ಪ್ರೇಕ್ಷಕರಿಗೆ ತಿಳಿಯದಂತೆ ಕಾಯುವ ಈ ವಿದ್ಯೆಗೆ ಯಾವ ಶಾಲೆಯ ಪ್ರಮಾಣಪತ್ರವೂ ಸಾಟಿಯಲ್ಲ.

ಎರಡನೆಯದು ‘ಡ್ರಾಮಾ ಸೀನರಿ’ಯವರದು; ಸೀನರಿ ಎಂಬುದು ಬಾಡಿಗೆಗೆ ಬರುವ ಸಂಚಾರಿ ರಂಗಮಂದಿರ. ಅರಮನೆ, ಕಾಡು, ಬೀದಿ ಬರೆದ ಪರದೆಗಳು, ಪಕ್ಕದ ಮರೆಗಳು, ಸಿಂಹಾಸನ, ಕಿರೀಟ, ಭುಜಕೀರ್ತಿ, ಗದೆ ಇವೆಲ್ಲ ಒಂದೇ ಲಾರಿಯಲ್ಲಿ ಬಂದಿಳಿದು, ಹಗಲು ಬಯಲಾಗಿದ್ದ ಜಾಗ ಸಂಜೆಗೆ ಹಸ್ತಿನಾವತಿಯಾಗುತ್ತದೆ. ಮುಂದೆ ಬೀದಿಯ ಪರದೆ ಇಳಿಬಿಟ್ಟು ಅದರೆದುರು ಕಿರುದೃಶ್ಯವೊಂದು ನಡೆಯುತ್ತಿರುವಾಗ, ಹಿಂದೆ ಸದ್ದಿಲ್ಲದೆ ದರ್ಬಾರು ಸಿದ್ಧವಾಗುವ ಜಾಣ್ಮೆ ವೃತ್ತಿ ನಾಟಕ ಕಂಪನಿಗಳ ಬಳುವಳಿ. ಹಗ್ಗ ಎಳೆಯುವವನು ಒಂದು ಗಳಿಗೆ ಮುಂಚಿತವಾಗಿ ಎಳೆದರೆ ಕೌರವನ ಸಭೆಯಲ್ಲಿ ಕುರ್ಚಿ ಹೊತ್ತ ಆಳುಗಳು ಕಂಡುಬಿಡುತ್ತಾರೆ. ಬಣ್ಣದವರು, ದೀಪದವರು, ಮೈಕಿನವರು, ದ್ರೌಪದಿ, ಕುಂತಿಯರ ಪಾತ್ರಕ್ಕೆಂದು ಹೊರಗಿನಿಂದ ಬಂದು, ಊರಿನ ನಟರೊಡನೆ ಹೆಚ್ಚು ತಾಲೀಮಿಲ್ಲದೆಯೂ ಹೊಂದಿಕೊಂಡು ಹಾಡುವ ವೃತ್ತಿ ಕಲಾವಿದೆಯರು, ಎಲ್ಲರೂ ಇದೇ ದುಡಿಮೆಯ ಪಾಲುದಾರರು.

ಈ ಪದ್ಧತಿಯ ಬೇರು ದೂರದ್ದಲ್ಲ. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ನಾಟಕ ಕಂಪನಿಯ ಊರು ಬೆಂಗಳೂರಿನಿಂದ ಅರಸೀಕೆರೆಗೆ ಬರುವ ರೈಲುಹಾದಿಯಲ್ಲೇ ಇದೆ. ಆ ಕಂಪನಿಯ ಗುಬ್ಬಿ ವೀರಣ್ಣನವರು 1934ರಲ್ಲಿ ಬೆಂಗಳೂರಿನಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿಸಿದ ‘ಕುರುಕ್ಷೇತ್ರ’ದ ವೈಭವವನ್ನು ಹಳ್ಳಿಯ ಸಂಘಗಳು ತಮ್ಮ ಶಕ್ತಿಗೆ ತಕ್ಕಂತೆ ಇಂದಿಗೂ ಕನಸುತ್ತಿವೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1985ರಲ್ಲಿ ಆರಂಭಿಸಿದ ಸಂಚಾರಿ ನಾಟಕ ತಂಡ ‘ತಿರುಗಾಟ’ ಇದಕ್ಕಿಂತ ಭಿನ್ನವಾದ ದಾರಿ ಹಿಡಿದು, ನಟರೇ ರಂಗ ಕಟ್ಟುವ, ಬಿಚ್ಚುವ, ಸಾಮಾನು ಹೊರುವ ಕ್ರಮವನ್ನು ರೂಢಿಸಿತು. ದಾರಿ ಯಾವುದಾದರೂ ನಾಟಕ ಹಲವು ಕೈಗಳ ಕೆಲಸವೆಂಬ ಅರಿವು ಬಹಳ ಹಳೆಯದು: ಭರತನ ನಾಟ್ಯಶಾಸ್ತ್ರ ಸೂತ್ರಧಾರನ ಜೊತೆಯಲ್ಲೇ ಕಿರೀಟ ಮಾಡುವವನನ್ನೂ, ಆಭರಣ ಮಾಡುವವನನ್ನೂ, ಹೂಮಾಲೆ ಕಟ್ಟುವವನನ್ನೂ, ಬಟ್ಟೆ ಒಗೆಯುವವನನ್ನೂ ನಾಟ್ಯಮಂಡಳಿಯ ಸದಸ್ಯರೆಂದು ಎಣಿಸುತ್ತದೆ.

ಹೀಗೆ ದುಡಿದ ಕೈಗಳಿಗೆ ಹೆಸರೂ ದಕ್ಕಿದ ಉದಾಹರಣೆ ಈ ನೆಲದಲ್ಲೇ ಇದೆ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು, ಎಂದರೆ ಶಿಲ್ಪಿಗಳು, ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿದರು. ದೇವಾಲಯ ಕಟ್ಟಿಸಿದ ದೊರೆ ವಿಷ್ಣುವರ್ಧನನ ಕೀರ್ತಿಯ ಜೊತೆಗೆ ಅವರ ಹೆಸರೂ ಉಳಿದದ್ದು ಇದರಿಂದಲೇ. ಅದೇ ನೆಲದ ನಾಟಕಗಳ ಕರಪತ್ರಗಳಲ್ಲಿ ಗಣ್ಯರ, ದಾನಿಗಳ, ಪಾತ್ರಧಾರಿಗಳ ಚಿತ್ರಗಳು ತುಂಬಿರುತ್ತವೆ, ಮೇಷ್ಟ್ರ ಮತ್ತು ಸೀನರಿ ಮಾಲೀಕರ ಹೆಸರಿಗೂ ಜಾಗ ಸಿಗುತ್ತದೆ. ಹಗ್ಗ ಎಳೆಯುವವನಿಗೆ, ಬಣ್ಣ ಹಚ್ಚುವವನಿಗೆ, ಕಿರೀಟ ಕಟ್ಟುವವನಿಗೆ ಮಾತ್ರ ಒಂದು ಸಾಲೂ ದಕ್ಕುವುದು ಅಪರೂಪ. ಈ ಸುಗ್ಗಿಯಲ್ಲಿ ಕರಪತ್ರ ಅಚ್ಚಿಗೆ ಕೊಡುವ ನಾಟಕ ಸಂಘಗಳು ಗಣ್ಯರ ಒಂದು ಚಿತ್ರವನ್ನು ಕಡಿಮೆ ಮಾಡಿಯಾದರೂ ಆ ಸಾಲನ್ನು ಸೇರಿಸಬೇಕು.