ಮುಳುಗಡೆಯ ದಂಡೆಯ ಉದ್ಯಾನಗಳು

ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದು ಈಗ ನಿಡಗುಂದಿ ತಾಲ್ಲೂಕಿನದಾಗಿರುವ ಆಲಮಟ್ಟಿಯು, ಎರೆಭೂಮಿಯ ಬಯಲು ಮುಗಿದು ಕಲ್ಲುಗುಡ್ಡಗಳು ಕೃಷ್ಣೆಯನ್ನು ಇಕ್ಕೆಲದಿಂದಲೂ ಒತ್ತರಿಸಿ ನಿಂತಿರುವ ತಾಣದಲ್ಲಿದೆ. ಸೊಲ್ಲಾಪುರ–ಗದಗ ರೈಲುಮಾರ್ಗದ ಒಂದು ನಿಲ್ದಾಣವೆಂಬುದನ್ನು ಬಿಟ್ಟರೆ, ಈ ಊರಿನ ಹೆಸರು ಹೊರಗಿನವರಿಗೆ ತಿಳಿದಿದ್ದುದು ಕರ್ನಾಟಕದ ಗಾಂಧಿಯೆನಿಸಿದ ಹರ್ಡೇಕರ ಮಂಜಪ್ಪನವರು ಇಲ್ಲಿ ಆಶ್ರಮವನ್ನೂ ವಿದ್ಯಾಲಯವನ್ನೂ ನಡೆಸಿ, 1947ರಲ್ಲಿ ಇಲ್ಲಿಯೇ ದೇಹವಿಟ್ಟರೆಂಬುದರಿಂದ. ಸರಳ ಜೀವನವನ್ನೇ ವ್ರತವಾಗಿ ಹಿಡಿದಿದ್ದ ಆ ಪುಣ್ಯಪುರುಷರ ಊರು ಇಂದು ವಿಹಾರಧಾಮವೆಂದು ಪ್ರಸಿದ್ಧವಾಗಿರುವುದು ಕಾಲದ ಒಂದು ವಿನೋದವೆನ್ನಬೇಕು.

1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಇಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಬೇಕಿದ್ದ ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದರು. ಆಗ ಅವರು ನೆಹರೂ ಮಂತ್ರಿಮಂಡಲದ ಸದಸ್ಯರು. ಐದೇ ದಿನಗಳಲ್ಲಿ ನೆಹರೂ ತೀರಿಕೊಂಡರು, ಜೂನ್ ತಿಂಗಳಲ್ಲಿ ಶಾಸ್ತ್ರಿಯವರು ಪ್ರಧಾನಿಯಾದರು. ಕೆಲಸ ಮಾತ್ರ ಆ ವೇಗದಲ್ಲಿ ಸಾಗಲಿಲ್ಲ. ಹಣದ ಅಭಾವವೂ ನೆರೆರಾಜ್ಯದೊಡನೆ ಎತ್ತರದ ವ್ಯಾಜ್ಯವೂ ಒಂದಾದಮೇಲೊಂದು ಅಡ್ಡಬಂದು, 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮವು ಸ್ಥಾಪಿತವಾಗಿ, 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು 519.60 ಮೀಟರಿನ ಮಟ್ಟಕ್ಕೆ ಸಮ್ಮತಿಯಿತ್ತ ಮೇಲೆಯೇ ಕೆಲಸವು ಕೊನೆಯ ಘಟ್ಟವನ್ನು ಮುಟ್ಟಿದ್ದು. ಸುಮಾರು ಒಂದೂವರೆ ಕಿಲೋಮೀಟರ್ ಉದ್ದ, 26 ಗೇಟುಗಳು, 123 ಟಿಎಂಸಿ ನೀರು, 290 ಮೆಗಾವ್ಯಾಟ್ ವಿದ್ಯುತ್ತು: ಇದು ಜಲಾಶಯದ ಅಳತೆ. ಶಂಕುಸ್ಥಾಪನೆಯ ವರ್ಷ ಹುಟ್ಟಿದ ಕೂಸು ನಡುವಯಸ್ಸಿಗೆ ಬರುವಷ್ಟು ಕಾಲ ಹಿಡಿಯಿತೆಂಬುದು ಅದರ ಇನ್ನೊಂದು ಅಳತೆ.

ಕಾರ್ಯವೊಂದು ಮುಗಿದಾಗ, ಅದಕ್ಕಾಗಿ ನೆರೆದ ಕ್ಯಾಂಪಿನ ಗತಿಯೇನೆಂಬ ಪ್ರಶ್ನೆ ಲೋಕದಲ್ಲಿ ಹೊಸದಲ್ಲ. ಅಮೆರಿಕದ ಕೊಲರಾಡೋ ಪರ್ವತಗಳ ನಡುವಣ ಆಸ್ಪೆನ್ ಎಂಬ ಊರು 1879ರಲ್ಲಿ ಬೆಳ್ಳಿಯ ಆಸೆಗೆ ಹುಟ್ಟಿತು; 1893ರಲ್ಲಿ ಸರ್ಕಾರವು ಬೆಳ್ಳಿಯನ್ನು ಕೊಳ್ಳುವುದನ್ನು ನಿಲ್ಲಿಸಿದೊಡನೆ ಗಣಿಗಳು ಮುಚ್ಚಿ, ಊರು ಹಾಳುಬಿದ್ದಿತು. ಅರ್ಧ ಶತಮಾನದ ತರುವಾಯ ವಾಲ್ಟರ್ ಪೇಪ್ಕಿ ಎಂಬ ಷಿಕಾಗೋದ ಉದ್ಯಮಿ ಬಂದು, ಅಲ್ಲಿಯ ಹಿಮದ ಇಳಿಜಾರುಗಳಲ್ಲಿ ಸ್ಕೀಯಿಂಗ್ ಆಟಕ್ಕೆ ಏರ್ಪಾಡು ಮಾಡಿದನು; 1950ರಲ್ಲಿ ಜಗತ್ತಿನ ಸ್ಕೀ ಪಟುಗಳೆಲ್ಲ ಅಲ್ಲಿ ಸ್ಪರ್ಧೆಗೆ ನೆರೆದರು. ನಮ್ಮ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆ ಊರಿಗೆ ಅಂಥ ಎರಡನೆಯ ಜನ್ಮ ದೊರೆಯಲಿಲ್ಲ. ಆಲಮಟ್ಟಿಗೆ ದೊರೆಯಿತು. ಹಿಮವಿಲ್ಲದ ನಾಡಿನಲ್ಲಿ ಆ ಭಾಗ್ಯವನ್ನು ತಂದದ್ದು ನೀರು.

ನಿಗಮದ ಅರಣ್ಯ ವಿಭಾಗದವರು, ಬೇಸಗೆಯಲ್ಲಿ ಹುಲ್ಲೂ ಒಣಗಿಹೋಗುವ ಈ ಮಡ್ಡಿಯ ನೆಲದಲ್ಲಿ ಸಸಿಗಳನ್ನು ನೆಟ್ಟು, ಬಂಡೆಗಳ ಗುಡ್ಡವನ್ನೇ ರಾಕ್ ಗಾರ್ಡನ್ ಆಗಿ ಮಾರ್ಪಡಿಸಿ, ಅಲ್ಲಿ ಮೃಗ, ಪಕ್ಷಿ, ಸರೀಸೃಪ, ಆದಿವಾಸಿಗಳ ಪ್ರತಿಮೆಗಳನ್ನು ನಿಲ್ಲಿಸಿರುವರು. ಮೊಗಲ್ ಉದ್ಯಾನವಿದೆ, ದೋಣಿವಿಹಾರವಿದೆ, ಸಂಗೀತ ಕಾರಂಜಿಯಿದೆ. ಲವಕುಶರ ಹೆಸರಿನದೂ ಒಂದು ಉದ್ಯಾನವುಂಟು: ನದಿಯಾಚೆಯ ಸೀತಿಮನಿಯಲ್ಲಿ ಸೀತಾದೇವಿ ಮಕ್ಕಳೊಡನೆ ವಾಸಿಸಿದ್ದಳೆಂದು ಈ ಸೀಮೆಯ ಜನ ನಂಬಿರುವುದರಿಂದ, ಎಲ್ಲ ಹೆಸರುಗಳಲ್ಲಿ ನನಗೆ ಉಚಿತವೆನಿಸುವುದು ಇದೇ. ಸಿಮೆಂಟಿನ ಪ್ರಾಣಿಗಳಲ್ಲಿ ಕಲಾಪ್ರೌಢಿಮೆಯನ್ನು ಹುಡುಕುವವರು ನಿರಾಶರಾದಾರು. ಆದರೆ ಸಿಂದಗಿ, ಇಂಡಿ, ಮುದ್ದೇಬಿಹಾಳಗಳ ಕಡೆಯಿಂದ ಟ್ರ್ಯಾಕ್ಟರು, ಟಂಟಂಗಳಲ್ಲಿ ಬಂದು, ಮರದ ನೆಳಲಲ್ಲಿ ಬುತ್ತಿಯ ಗಂಟು ಬಿಚ್ಚಿ, ಖಡಕ್ ರೊಟ್ಟಿಗೆ ಶೇಂಗಾ ಹಿಂಡಿ, ಗಟ್ಟಿಮೊಸರು ಹಚ್ಚಿಕೊಂಡು ಕುಳಿತ ಸಂಸಾರಗಳಿಗೆ ಆ ಕೊರತೆ ತಟ್ಟುವುದಿಲ್ಲ. ಅನಾವೃಷ್ಟಿಯ ಸೀಮೆಯವರಿಗೆ ತುಂಬಿದ ನೀರೇ ದೊಡ್ಡ ನೋಟ.

ಆ ನೀರಿನ ಕಡೆಗೆ ಕೈಮಾಡಿ, “ಅಲ್ಲಿ ನೋಡಪಾ, ಅಲ್ಲೇ ನಮ್ಮ ಹೊಲ ಇತ್ತು” ಎಂದು ಮೊಮ್ಮಕ್ಕಳಿಗೆ ತೋರಿಸುವ ಮುದುಕರೂ ಈ ಜನರ ನಡುವೆಯೇ ಇರುವರು. ಮುಳುಗಡೆಯೆಂಬ ಒಂದು ಮಾತಿನಿಂದ ಈ ಪ್ರಾಂತದವರು ಕಾಲವನ್ನೇ ವಿಭಾಗಿಸುವುದುಂಟು. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು, ಎಷ್ಟೋ ಹಳ್ಳಿಗಳು, ನದಿದಂಡೆಯ ಫಲವತ್ತಾದ ಹೊಲಗಳು ಹಿನ್ನೀರಿನ ಪಾಲಾದವು. ಜನರು ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋದರು. 2010ರಲ್ಲಿ ಕೃಷ್ಣಾ ನದಿನೀರಿನ ವ್ಯಾಜ್ಯದ ನ್ಯಾಯಾಧಿಕರಣವು 524.256 ಮೀಟರಿನ ಎತ್ತರಕ್ಕೆ ಅನುಮತಿಯಿತ್ತಿರುವುದರಿಂದ ಈ ಅಧ್ಯಾಯ ಮುಗಿದಂತೆಯೂ ಅಲ್ಲ. ಉದ್ಯಾನಗಳ ನಡುವೆ, ಮುಳುಗಿದ ಪ್ರತಿಯೊಂದು ಊರಿನ ಹೆಸರನ್ನೂ ಕೊರೆದ ಶಿಲೆಯೊಂದು ಕಾರಂಜಿಯಷ್ಟೇ ಎದ್ದುಕಾಣುವಂತೆ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ. ನಿಗಮಕ್ಕೆ ಅದು ಭಾರವಾದ ವೆಚ್ಚವೇನಲ್ಲ.

ನೋಡಹೋಗುವವರು ಬೇಸಗೆಯನ್ನು ಬಿಟ್ಟು, ಮುಂಗಾರಿನಲ್ಲಿ ಜಲಾಶಯ ತುಂಬಿ ಗೇಟುಗಳನ್ನು ತೆರೆದಿರುವಾಗ ಹೋಗುವುದು ಲೇಸು. ಬೆಳಗ್ಗೆ ಯಲಗೂರದ ಹನುಮಂತನ ದರ್ಶನವನ್ನೋ ಕೂಡಲಸಂಗಮವನ್ನೋ ಮುಗಿಸಿಕೊಂಡು ಬಂದರೆ, ಸಂಜೆಯ ಕಾರಂಜಿಗೆ ಸಾವಕಾಶವಾಗಿ ಬಂದು ಸೇರಬಹುದು.