ಏಳು ಸಭೆಗಳ ಜಾಡಿನಲ್ಲಿ ಒಂದು ಯಾತ್ರೆ

ಪಾದ್ರಿಯೊಬ್ಬರ ನೇತೃತ್ವದಲ್ಲಿ ಮೂವತ್ತು-ನಲವತ್ತು ಮಂದಿ. ಕೈಯಲ್ಲಿ ಬೈಬಲ್, ಜೊತೆಗೆ ಸ್ಥಳೀಯ ಮಾರ್ಗದರ್ಶಿ. ಒಂದು ವಾರದ ಅವಧಿಯಲ್ಲಿ ಏಳು ಊರು. ಪ್ರತಿ ಊರಿನಲ್ಲೂ ಪಾಳುಗೋಡೆಗಳ ನಡುವೆ ನಿಂತು, ಸುಮಾರು 1,900 ವರ್ಷಗಳ ಹಿಂದೆ ಆ ಊರಿನ ಕ್ರೈಸ್ತರಿಗೆ ಬರೆದ ಪತ್ರವೊಂದನ್ನು ಗಟ್ಟಿಯಾಗಿ ಓದುತ್ತಾರೆ. ಪಶ್ಚಿಮ ಟರ್ಕಿಗೆ ಹೋಗುವ ಚರ್ಚ್ ತಂಡಗಳ ಯಾತ್ರೆಯ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಆದರೆ ಆ ಪತ್ರಗಳನ್ನು ಪಡೆದ ಸಮುದಾಯಗಳ ಪೈಕಿ ಬಹುಪಾಲು ಈಗ ಅಲ್ಲಿಲ್ಲ. ಅವು ಏಕೆ ಇಲ್ಲವಾದವು ಎಂಬುದೇ ಈ ಯಾತ್ರೆ ಎತ್ತುವ ಮುಖ್ಯ ಪ್ರಶ್ನೆ.

ಪತ್ರಗಳ ಹಿನ್ನೆಲೆ

ಬೈಬಲಿನ ಕೊನೆಯ ಗ್ರಂಥ 'ಪ್ರಕಟನೆ'. ಅದರ ಎರಡು ಮತ್ತು ಮೂರನೆಯ ಅಧ್ಯಾಯಗಳಲ್ಲಿ ರೋಮನ್ ಸಾಮ್ರಾಜ್ಯದ ಆಸ್ಯ ಪ್ರಾಂತ್ಯದ ಏಳು ಸಭೆಗಳಿಗೆ ಬರೆದ ಏಳು ಪತ್ರಗಳಿವೆ. ಯೋಹಾನನು ಪತ್ಮೋಸ್ ದ್ವೀಪದಲ್ಲಿದ್ದಾಗ ಕಂಡ ದರ್ಶನವನ್ನು ಈ ಗ್ರಂಥ ದಾಖಲಿಸುತ್ತದೆ. ಚಕ್ರವರ್ತಿ ಡೊಮಿಷಿಯನ್‌ನ ಆಳ್ವಿಕೆಯ ಕೊನೆಯಲ್ಲಿ, ಅಂದರೆ ಕ್ರಿ.ಶ. 95ರ ಆಸುಪಾಸಿನಲ್ಲಿ ಇದು ರಚನೆಯಾಯಿತೆಂಬುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಪತ್ಮೋಸ್ ಈಗ ಗ್ರೀಸ್ ದೇಶಕ್ಕೆ ಸೇರಿದೆ. ದರ್ಶನವಾಯಿತೆಂದು ನಂಬಲಾದ ಗುಹೆಯೂ 1088ರಲ್ಲಿ ಸ್ಥಾಪನೆಯಾದ ಮಠವೂ ಅಲ್ಲಿವೆ.

ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ ಮತ್ತು ಲವೊದಿಕೀಯ - ಪತ್ರಗಳ ಕ್ರಮವಿದು. ಎಫೆಸದಿಂದ ಉತ್ತರಕ್ಕೆ ಸಾಗಿ, ಪೆರ್ಗಮದಲ್ಲಿ ಆಗ್ನೇಯಕ್ಕೆ ತಿರುಗುವ ದಾರಿಯಲ್ಲಿ ಈ ಊರುಗಳು ಇದೇ ಕ್ರಮದಲ್ಲಿ ಸಿಗುತ್ತವೆ. ಪತ್ರವಾಹಕನೊಬ್ಬ ನಡೆದ ದಾರಿಯೇ ಇದಾಗಿರಬೇಕೆಂದು ವಿದ್ವಾಂಸ ವಿಲಿಯಂ ರ‍್ಯಾಮ್ಸೆ 1904ರಲ್ಲಿ ವಾದಿಸಿದ್ದರು. ಇಂದಿನ ಪ್ರವಾಸಿ ಬಸ್ಸುಗಳು ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಸಂಚರಿಸುತ್ತವೆ.

ಕಟ್ಟಡವಲ್ಲ, ಜನ

'ಏಳು ಚರ್ಚುಗಳು' ಎಂದು ಕೇಳಿ ಹೊರಟವರು ಏಳು ಪುರಾತನ ಕಟ್ಟಡಗಳನ್ನು ನಿರೀಕ್ಷಿಸುವುದು ಸಹಜ. ಆದರೆ ಪತ್ರಗಳು ಬರೆಯಲ್ಪಟ್ಟಾಗ ಕ್ರೈಸ್ತರಿಗೆ ಪ್ರತ್ಯೇಕ ದೇವಾಲಯಗಳಿರಲಿಲ್ಲ. ವಿಶ್ವಾಸಿಗಳ ಮನೆಗಳಲ್ಲಿ ಸೇರುತ್ತಿದ್ದರು. ಮೂಲದಲ್ಲಿರುವ 'ಎಕ್ಲೇಸಿಯಾ' ಎಂಬ ಗ್ರೀಕ್ ಪದಕ್ಕೆ ನಾಗರಿಕರ ಕೂಟ ಎಂದರ್ಥ. ಕನ್ನಡ ಬೈಬಲ್ ಬಳಸುವ 'ಸಭೆ' ಎಂಬ ಪದ ಈ ಅರ್ಥವನ್ನು ಚೆನ್ನಾಗಿ ಉಳಿಸಿಕೊಂಡಿದೆ. ಯಾತ್ರಿಕರು ಇಂದು ನೋಡುವ ಚರ್ಚುಗಳ ಅವಶೇಷಗಳು 4ನೇ ಶತಮಾನ ಮತ್ತು ನಂತರದವು.

ನದಿ, ಭೂಕಂಪ

ಮೊದಲ ಪ್ರೀತಿಯನ್ನು ತೊರೆದದ್ದಕ್ಕಾಗಿ ಎಫೆಸದ ಸಭೆಯನ್ನು ಪತ್ರ ಆಕ್ಷೇಪಿಸುತ್ತದೆ. ಬದಲಾಗದಿದ್ದರೆ ಅದರ ದೀಪಸ್ತಂಭವನ್ನು ತೆಗೆದುಬಿಡುವ ಎಚ್ಚರಿಕೆ ನೀಡುತ್ತದೆ. ಇಂದು ಸೆಲ್ಚುಕ್ ಪಟ್ಟಣದ ಪಕ್ಕದಲ್ಲಿ ನಿರ್ಜನವಾಗಿ ನಿಂತಿರುವ ಆ ನಗರವನ್ನು ಕಂಡಾಗ ಎಚ್ಚರಿಕೆ ನಿಜವಾಯಿತೆಂದು ಹೇಳುವ ಪ್ರವಚನಕಾರರುಂಟು. ಇತಿಹಾಸ ಹೇಳುವುದು ಬೇರೆ. ಎಫೆಸದ ಸಭೆ ಪತ್ರದ ನಂತರವೂ ಶತಮಾನಗಳ ಕಾಲ ಬೆಳೆಯಿತು. ಕ್ರಿ.ಶ. 431ರಲ್ಲಿ ಕ್ರೈಸ್ತ ಧರ್ಮದ ಮಹಾಸಮ್ಮೇಳನಗಳಲ್ಲೊಂದು ನಡೆದದ್ದು ಅಲ್ಲಿಯೇ. ನಗರವನ್ನು ಸೋಲಿಸಿದ್ದು ನದಿಯ ಹೂಳು. ಬಂದರು ತುಂಬಿ ಸಮುದ್ರ ಹಿಂದೆ ಸರಿಯಿತು. ಈಗ ಅದು ಕಿಲೋಮೀಟರುಗಳಷ್ಟು ದೂರದಲ್ಲಿದೆ. ವ್ಯಾಪಾರ ಹೋಯಿತು, ಜನರೂ ಹೋದರು. 2015ರಲ್ಲಿ ಎಫೆಸ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಡೆನಿಜ್ಲಿ ನಗರದ ಸಮೀಪದ ಲವೊದಿಕೀಯ ಸಿರಿವಂತ ಊರು. ಬಿಸಿಯೂ ಅಲ್ಲದ, ತಣ್ಣಗೂ ಇಲ್ಲದ ಉಗುರುಬೆಚ್ಚಗಿನ ನೀರಿಗೆ ಅಲ್ಲಿನ ಸಭೆಯನ್ನು ಪತ್ರ ಹೋಲಿಸುತ್ತದೆ. ಉತ್ತರದ ಹಿಯೆರಾಪೊಲಿಸ್‌ನಲ್ಲಿ, ಅಂದರೆ ಇಂದಿನ ಪಮುಕ್ಕಲೆಯಲ್ಲಿ, ಬಿಸಿನೀರಿನ ಬುಗ್ಗೆಗಳಿವೆ. ಪೂರ್ವದ ಕೊಲೊಸ್ಸೆಯಲ್ಲಿ ತಣ್ಣೀರಿತ್ತು. ನಡುವಿನ ಲವೊದಿಕೀಯಕ್ಕೆ ನೀರು ಕೊಳವೆಗಳಲ್ಲಿ ಬರಬೇಕಿತ್ತು. ಸುಣ್ಣ ಕಟ್ಟಿಕೊಂಡ ಆ ಕೊಳವೆಗಳನ್ನು ಮಾರ್ಗದರ್ಶಿಗಳು ತಪ್ಪದೆ ತೋರಿಸುತ್ತಾರೆ. 2010ರಲ್ಲಿ ಇಲ್ಲಿ ನೆಲದಡಿ 4ನೇ ಶತಮಾನದ ದೊಡ್ಡ ಚರ್ಚೊಂದು ಪತ್ತೆಯಾಯಿತು. ಅಂದರೆ ಬೈಸಿಕೊಂಡ ಸಭೆಯೂ ಬಾಳಿ ಬೆಳೆದಿತ್ತು. 7ನೇ ಶತಮಾನದ ಆರಂಭದ ಭೂಕಂಪದ ನಂತರ ಊರು ಪಾಳುಬಿತ್ತು.

ಉಳಿದ ಊರುಗಳ ಕಥೆ ಸಂಕ್ಷಿಪ್ತ. ಪೆರ್ಗಮದ ಪ್ರಸಿದ್ಧ ಜ್ಯೂಸ್ ಬಲಿಪೀಠವನ್ನು 19ನೇ ಶತಮಾನದಲ್ಲಿ ಜರ್ಮನ್ನರು ಅಗೆದು ಬರ್ಲಿನ್ನಿಗೆ ಒಯ್ದರು. ಬೆಟ್ಟದ ಮೇಲೆ ಉಳಿದಿರುವುದು ಅದರ ತಳಪಾಯ ಮಾತ್ರ. ಸಾರ್ದಿಸ್‌ನಲ್ಲಿ ಆರ್ಟೆಮಿಸ್ ದೇವಿಯ ಬೃಹತ್ ದೇಗುಲದ ಮೂಲೆಗೆ ಅಂಟಿಕೊಂಡಂತೆ ಪುಟ್ಟ ಚರ್ಚೊಂದಿದೆ. ಥುವತೈರ ಈಗ ಅಖಿಸಾರ್ ಎಂಬ ಪಟ್ಟಣ. ಅಂಗಡಿ ಮುಂಗಟ್ಟುಗಳ ನಡುವೆ ಬೇಲಿ ಹಾಕಿದ ಸಣ್ಣ ಜಾಗದಲ್ಲಷ್ಟೇ ಹಳೆಯ ಕಲ್ಲುಗಳು ಕಾಣಸಿಗುತ್ತವೆ.

ಹೊಗಳಿಸಿಕೊಂಡ ಎರಡು

ಏಳರಲ್ಲಿ ಯಾವ ಆಕ್ಷೇಪಕ್ಕೂ ಗುರಿಯಾಗದ ಸಭೆಗಳು ಎರಡೇ: ಸ್ಮುರ್ನ ಮತ್ತು ಫಿಲದೆಲ್ಫಿಯ. ಇವುಗಳ ಭವಿಷ್ಯ ಒಂದೇ ಆಗಲಿಲ್ಲ ಎಂಬುದು ಗಮನಾರ್ಹ.

ಫಿಲದೆಲ್ಫಿಯ ಸುತ್ತಲಿನ ಪ್ರದೇಶವೆಲ್ಲ ತುರ್ಕರ ವಶವಾದ ಮೇಲೂ ಸ್ವತಂತ್ರವಾಗಿ ನಿಂತು, 1390ರಲ್ಲಿ ಆಟೊಮನ್ನರಿಗೆ ಶರಣಾಯಿತು. ಅನಂತರವೂ ಅಲ್ಲಿ ಕ್ರೈಸ್ತರು ಶತಮಾನಗಳ ಕಾಲ ಉಳಿದರು. ಅವರ ಬಾಳು ಮುಗಿದದ್ದು 1922ರಲ್ಲಿ. ಗ್ರೀಸ್-ಟರ್ಕಿ ಯುದ್ಧದಲ್ಲಿ ಸೋತು ಹಿಮ್ಮೆಟ್ಟುತ್ತಿದ್ದ ಗ್ರೀಕ್ ಸೇನೆ ಅಲಾಶೆಹಿರ್ ಎಂದು ಕರೆಯಲಾಗುತ್ತಿದ್ದ ಆ ಪಟ್ಟಣಕ್ಕೆ ಬೆಂಕಿಯಿಟ್ಟಿತು. ಕ್ರೈಸ್ತರು ಊರು ಬಿಟ್ಟರು. ಅದೇ ಸೆಪ್ಟೆಂಬರಿನಲ್ಲಿ, ತುರ್ಕಿ ಸೇನೆ ಪ್ರವೇಶಿಸಿದ ಕೆಲವೇ ದಿನಗಳಲ್ಲಿ, ಸ್ಮುರ್ನದ ಗ್ರೀಕ್ ಮತ್ತು ಅರ್ಮೇನಿಯನ್ ಬಡಾವಣೆಗಳು ಸುಟ್ಟುಹೋದವು.

1923ರ ಜನವರಿಯಲ್ಲಿ ಲೌಸಾನ್‌ನಲ್ಲಿ ಆದ ಒಪ್ಪಂದ ಈ ಅಗಲಿಕೆಗೆ ಕಾನೂನಿನ ಮುದ್ರೆಯೊತ್ತಿತು. ಮೊದಲೇ ಓಡಿಹೋದವರೂ ಸೇರಿ ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಟರ್ಕಿಯಿಂದ ಗ್ರೀಸಿಗೂ, 3.5 ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಗ್ರೀಸಿನಿಂದ ಟರ್ಕಿಗೂ ನೆಲೆ ಬದಲಿಸಬೇಕಾಯಿತು. ಯಾರು ಯಾವ ಕಡೆಗೆ ಎಂಬುದನ್ನು ನಿರ್ಧರಿಸಿದ್ದು ಅವರಾಡುವ ಭಾಷೆಯಲ್ಲ, ಧರ್ಮ. ತುರ್ಕಿ ಭಾಷೆಯನ್ನೇ ಆಡುತ್ತಿದ್ದ ಕ್ರೈಸ್ತರೂ, ಗ್ರೀಕ್ ಮಾತನಾಡುತ್ತಿದ್ದ ಮುಸ್ಲಿಮರೂ ಹುಟ್ಟಿದೂರು ತೊರೆದರು. ಇಂದು ಟರ್ಕಿಯ ಜನಸಂಖ್ಯೆಯಲ್ಲಿ ಕ್ರೈಸ್ತರ ಪ್ರಮಾಣ ಶೇ. 1ಕ್ಕಿಂತ ಕಡಿಮೆ.

ಹೀಗಾಗಿ ಪಾಳುಬಿದ್ದ ಕಲ್ಲುಗಳನ್ನು ಶಿಕ್ಷೆಯ ಗುರುತೆಂದು ಓದುವುದು ಅಷ್ಟು ಸುಲಭವಲ್ಲ. ನಂಬಿಕೆ ಕಳೆದುಕೊಂಡು ಹೋದವರಿಗಿಂತ, ನಂಬಿಕೆಯನ್ನು ಜೊತೆಗೇ ಹೊತ್ತು ಹೋದವರ ಕಥೆ ಇಲ್ಲಿ ತೀರಾ ಈಚಿನದು.

ಸ್ಮುರ್ನದಲ್ಲಿ ಮಾತ್ರ ಎಳೆ ಪೂರ್ತಿ ಕಡಿದಿಲ್ಲ. ಕ್ರಿ.ಶ. 155ರ ಸುಮಾರಿಗೆ ಇಲ್ಲಿನ ವೃದ್ಧ ಬಿಷಪ್ ಪೊಲಿಕಾರ್ಪ್ ಹುತಾತ್ಮರಾದರು. ಇಂದಿನ ಇಜ್ಮೀರ್ ಮಹಾನಗರದಲ್ಲಿ ಅವರ ಹೆಸರಿನ, 17ನೇ ಶತಮಾನದ ಚರ್ಚ್ ಇದೆ. ಆರು ಊರುಗಳಲ್ಲಿ ಖಾಲಿ ಕಲ್ಲುಗಳ ಮುಂದೆ ಪತ್ರ ಓದಿ ಬಂದ ಯಾತ್ರಿಕರು ಇಜ್ಮೀರಿನಲ್ಲಿ ಸ್ಥಳೀಯ ಕ್ರೈಸ್ತರ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಆರಾಧನೆಯಲ್ಲಿ ಪಾಲ್ಗೊಳ್ಳಬಹುದು. ಆ ಸಭೆ ಚಿಕ್ಕದು; ಆದರೆ ಜೀವಂತವಾಗಿದೆ.